ಪಕ್ಕದಲ್ಲಿ ಕೂತು ನುಡಿಸುವವರು

ನಮಸ್ಕಾರ ಕೇಳುಗರೇ.

ತುಮಕೂರಿನಲ್ಲಿ ಪಿಟೀಲು ಹೇಳಿಕೊಡುತ್ತೇನೆ, ಕಚೇರಿಗಳಿಗೆ ನುಡಿಸುತ್ತೇನೆ ಅಂದರೆ ಜನ ಕೇಳುವುದು ಒಂದೇ ಪ್ರಶ್ನೆ: "ಅದು ಸರಿ ಸಾರ್, ಜೀವನಕ್ಕೆ ಏನ್ ಮಾಡ್ತೀರಿ?" ಜೀವನಕ್ಕೂ ಅದೇ ಸ್ವಾಮಿ. ಆ ಕೆಲಸ ಹೇಗಿರುತ್ತದೆ ಅಂತ ಇವತ್ತು ಸ್ವಲ್ಪ ಹೇಳುತ್ತೇನೆ.

ಪಿಟೀಲು ಯುರೋಪಿನಿಂದ ಬಂದ ವಾದ್ಯ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಇದನ್ನು ಕಲಿತು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಯುರೋಪಿನವರು ಗದ್ದದ ಕೆಳಗೆ ಹಿಡಿದು ನುಡಿಸುತ್ತಾರೆ. ನಾವು ನೆಲದ ಮೇಲೆ ಕೂತು, ಬಲಗಾಲು ಮುಂದೆ ಚಾಚಿ, ಪಿಟೀಲಿನ ತಲೆಯನ್ನು ಪಾದದ ಮೇಲೆ ಊರುತ್ತೇವೆ. ಹೀಗಾಗಿ ಎಡಗೈಗೆ ವಾದ್ಯ ಹೊರುವ ಕೆಲಸ ಇಲ್ಲ. ಬೆರಳು ಜಾರಿಸಿ ಗಮಕ, ಅಂದರೆ ಸ್ವರದ ಬಳುಕು, ತೆಗೆಯಲು ಅದೇ ಅನುಕೂಲ. ನಾಲ್ಕು ತಂತಿಗಳನ್ನೂ ಸ, ಪ, ಸ, ಪ ಅಂತ ನಮ್ಮ ಲೆಕ್ಕಕ್ಕೆ ಶ್ರುತಿ ಮಾಡಿಕೊಳ್ಳುತ್ತೇವೆ.

ನನ್ನಂಥವರಿಗೆ ಒಬ್ಬರೇ ನುಡಿಸುವ ಕಚೇರಿ ಅಪರೂಪ. ಸಿಗುವುದೆಲ್ಲ ಪಕ್ಕವಾದ್ಯವೇ, ಅಂದರೆ ಹಾಡುವವರ ಪಕ್ಕ ಕೂತು ಅವರ ಜೊತೆ ನುಡಿಸುವುದು. ಅದರಲ್ಲೂ ರಿಹರ್ಸಲ್ ಅನ್ನುವುದು ಬಹಳ ಕಡಿಮೆ. ಎಷ್ಟೋ ಸಲ ಹಾಡುವವರನ್ನು ಮೊದಲು ನೋಡುವುದೇ ವೇದಿಕೆ ಮೇಲೆ. ಅವರ ಶ್ರುತಿ, ಅಂದರೆ ಹಾಡುವ ಆಧಾರ ಸ್ವರದ ಎತ್ತರ, ಒಂದು ಮನೆಯೋ ಐದು ಮನೆಯೋ ಕೇಳಿ, ತಂತಿ ಬಿಗಿಯುವ ಬಿರಡೆ ತಿರುಗಿಸಿ ಕೂರಬೇಕು. ಬಿರಡೆ ಜಾರುತ್ತಿದ್ದರೆ ಅದಕ್ಕೊಂದಿಷ್ಟು ಸೀಮೆಸುಣ್ಣ ಸವರುತ್ತೇವೆ.

ಅವರು ಆಲಾಪನೆ, ಅಂದರೆ ಸಾಹಿತ್ಯ ಇಲ್ಲದೆ ಬರೀ ರಾಗ ಹಾಡುವುದು, ಶುರು ಮಾಡುತ್ತಾರೆ. ಯಾವ ರಾಗ ಅಂತ ಯಾರೂ ಹೇಳುವುದಿಲ್ಲ, ಎರಡು ಮೂರು ಸ್ವರದಲ್ಲೇ ಹಿಡಿಯಬೇಕು. ಆಮೇಲೆ ಅವರ ಹಿಂದೆಯೇ, ಅವರಿಗಿಂತ ಮೆಲುದನಿಯಲ್ಲಿ ಹೋಗಬೇಕು. ಅವರು ಉಸಿರಿಗೆ ನಿಂತಾಗ ಕೊನೆಯ ಸ್ವರವನ್ನು ಎಳೆದು ಹಿಡಿದಿರಬೇಕು. ಅದು ಬಿಟ್ಟುಹೋದರೆ ಕೇಳುವವರಿಗೆ ಏನೋ ಖಾಲಿ ಅನ್ನಿಸುತ್ತದೆ. ನಮ್ಮ ಸರದಿ ಬಂದಾಗ ನುಡಿಸಬಹುದು, ಆದರೆ ಅವರಿಗಿಂತ ಚಿಕ್ಕದಾಗಿ. ಕೃತಿಯಲ್ಲಂತೂ ಸಾಹಿತ್ಯ ಗೊತ್ತಿರಲೇಬೇಕು. ಪದ ಎಲ್ಲಿ ಒಡೆಯುತ್ತದೆ ಅಂತ ತಿಳಿಯದೆ ಕಮಾನು ತಿರುಗಿಸಿದರೆ ಅರ್ಥವೇ ಕೆಡುತ್ತದೆ. ಪಿಟೀಲಿಗೆ ಮಾತು ಬರುವುದಿಲ್ಲವಲ್ಲ ಅಂತ ವಾದ ಮಾಡುವವರು ಇದ್ದಾರೆ. ಅಂಥವರು ನುಡಿಸಿದಾಗ ಗೊತ್ತಾಗಿಬಿಡುತ್ತದೆ.

ಈ ಕೆಲಸದಲ್ಲಿ ನಮ್ಮ ನಾಡಿನ ದೊಡ್ಡ ಹೆಸರು ತಿರುಮಕೂಡಲು ಚೌಡಯ್ಯನವರು. ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಆಗ ಮೈಕ್ ಇರಲಿಲ್ಲ. ಗಟ್ಟಿ ಕಂಠದ ಗಾಯಕರ ಪಕ್ಕ ಪಿಟೀಲಿನ ದನಿ ಹಿಂದಿನ ಸಾಲಿಗೆ ಮುಟ್ಟುತ್ತಿರಲಿಲ್ಲ. ಚೌಡಯ್ಯನವರು ಮೂರು ತಂತಿ ಜಾಸ್ತಿ ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. 1957ರಲ್ಲಿ ಅವರಿಗೆ ಮದರಾಸಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಬಂತು. ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಂಗಣ ಪಿಟೀಲಿನ ಆಕಾರದಲ್ಲೇ ಇದೆ. ಪಕ್ಕದಲ್ಲಿ ಕೂತವರಿಗೆ ಅಂಥ ಕಟ್ಟಡ ಎದ್ದಿದೆ ಅಂತ ನಮಗೆಲ್ಲ ಒಳಗೊಳಗೇ ಹೆಮ್ಮೆ.

ಸಂಪಾದನೆ ವಿಷಯ ಮುಚ್ಚಿಡುವುದೇನೂ ಇಲ್ಲ. ರಾಮನವಮಿ, ಗಣೇಶನ ಹಬ್ಬ, ನವರಾತ್ರಿ, ಮದುವೆ ಕಾಲ, ಇಷ್ಟರಲ್ಲಿ ಕೈ ತುಂಬ ಕೆಲಸ. ಎಪ್ಪತ್ತು ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಿ ನುಡಿಸಿ, ರಾತ್ರಿ ರೈಲಿಗೆ ವಾಪಸ್. ಆಷಾಢದಲ್ಲಿ ಮದುವೆ ಇಲ್ಲ, ಕರೆಯುವವರೂ ಇಲ್ಲ. ಆ ತಿಂಗಳ ಹುಣ್ಣಿಮೆಗೆ ಮಾತ್ರ ಚಿಂತಾಮಣಿ ಹತ್ತಿರದ ಕೈವಾರದಲ್ಲಿ ಯೋಗಿ ನಾರೇಯಣ ತಾತಯ್ಯನವರ ಗುರುಪೂಜೆ. ಅಲ್ಲಿ ಹಗಲು ರಾತ್ರಿ ಅನ್ನದೆ ಸಂಗೀತ ನಡೆಯುತ್ತದೆ. ಉಳಿದ ದಿನ ಮನೆ ನಡೆಯುವುದು ಪಾಠದಿಂದಲೇ.

ಪಾಠ ಅಂದರೆ ಮೊದಮೊದಲು ಬರೀ ಸ ಎಳೆಯುವುದು. ಕಮಾನು ಸೊಟ್ಟ ಹೋದರೆ ಕಿರ್ ಅನ್ನುತ್ತದೆ, ಅಕ್ಕಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುತ್ತಾರೆ. ಆಮೇಲೆ ಸರಳೆ ವರಸೆ, ಜಂಟಿ ವರಸೆ, ಅಲಂಕಾರ ಅನ್ನುವ ಸ್ವರದ ಅಭ್ಯಾಸಗಳು. ಅಷ್ಟರಲ್ಲೇ ಅಪ್ಪ ಅಮ್ಮ, "ಸಿನಿಮಾ ಹಾಡು ಯಾವಾಗ ಸಾರ್?" ಅನ್ನುತ್ತಾರೆ. ಇಲ್ಲದಿದ್ದರೆ ಸಂಗೀತದ ಮೊದಲ ಹಂತದ ಜೂನಿಯರ್ ಪರೀಕ್ಷೆ ಯಾವಾಗ ಅಂತ.

ಪರೀಕ್ಷೆ ಬೇಡ ಅನ್ನುವವನಲ್ಲ ನಾನು. ಆದರೆ ಅದರಲ್ಲಿ ಏನು ಬರುತ್ತದೆ ಅಂತ ಮೊದಲೇ ಗೊತ್ತಿರುತ್ತದೆ. ವೇದಿಕೆ ಹಾಗಲ್ಲ, ಅಲ್ವಾ? ಅದಕ್ಕೇ ನನ್ನಲ್ಲಿ ಗೀತೆ, ಅಂದರೆ ಪಾಠದ ಮೊದಲ ಪುಟ್ಟ ಹಾಡುಗಳ, ಹಂತದಿಂದಲೇ ಒಂದು ಮಗು ಹಾಡಬೇಕು, ಇನ್ನೊಂದು ಪಿಟೀಲಿನಲ್ಲಿ ಹಿಂಬಾಲಿಸಬೇಕು. ಮುಂದಿನ ಹಂತದ ಸೀನಿಯರ್ ಪರೀಕ್ಷೆ ಪಾಸಾದ ಒಬ್ಬಳು ಹುಡುಗಿ ಇದ್ದಳು, ಕಷ್ಟದ ವರ್ಣವೂ ಮೂರು ಕಾಲದಲ್ಲೂ, ಅಂದರೆ ಮೂರು ವೇಗದಲ್ಲೂ, ನೀಟು. ಒಬ್ಬ ಪುಟ್ಟ ಹುಡುಗನ ಹಾಡಿಗೆ ನುಡಿಸು ಅಂದೆ. ಅವನು ಉಸಿರಿಗೆ ನಿಂತರೆ ಇವಳು ಮುಂದಿನ ಸಾಲಿನಲ್ಲಿ! "ಅವನು ತಾಳ ತಪ್ಪಿದ ಸಾರ್" ಅಂದಳು. ತಪ್ಪಿದ್ದು ಹೌದು. ಅವನ ತಪ್ಪು ಸಭೆಗೆ ಗೊತ್ತಾಗದಂತೆ ಅವನನ್ನು ತಾಳಕ್ಕೆ ತಂದು ಸೇರಿಸುವುದೇ ನಿನ್ನ ಕೆಲಸ ಅಂದೆ. ಮುಖ ಊದಿಸಿಕೊಂಡಳು. ಈಗ ಅವಳಿಗೆ ನನಗಿಂತ ಜಾಸ್ತಿ ಕಚೇರಿ ಬರುತ್ತವೆ.

ಮಕ್ಕಳನ್ನು ಸೇರಿಸಬೇಕು ಅಂತಿರುವವರಿಗೆ ಎರಡು ಮಾತು. ಚಿಕ್ಕ ಕೈಗೆ ದೊಡ್ಡ ಪಿಟೀಲು ಕೊಡಿಸಬೇಡಿ, ಅರ್ಧ, ಮುಕ್ಕಾಲು ಅಳತೆಯವು ಸಿಗುತ್ತವೆ. ಎಡಗೈ ಉಗುರು ಕತ್ತರಿಸಿ ಕಳಿಸಿ. ಬೆರಳು ಜಾರಲಿ ಅಂತ ನಮ್ಮಲ್ಲಿ ಕೆಲವರು ಚೂರು ಕೊಬ್ಬರಿ ಎಣ್ಣೆ ಸವರುವುದುಂಟು. ತಿಪಟೂರು ಇರುವ ಜಿಲ್ಲೆ ನೋಡಿ, ಎಣ್ಣೆಗೇನೂ ಬರ ಇಲ್ಲ. ಆದರೆ ಅದು ಕಮಾನಿನ ಕೂದಲಿಗೆ ತಾಗಿದರೆ ಮುಗಿಯಿತು, ಹಿಡಿತಕ್ಕೆ ಹಚ್ಚುವ ರೋಸಿನ್ ಅನ್ನುವ ರಾಳ ಎಷ್ಟು ತಿಕ್ಕಿದರೂ ತಂತಿ ಹಿಡಿಯುವುದಿಲ್ಲ. ಕೂದಲೇ ಬದಲಾಯಿಸಬೇಕಾಗುತ್ತದೆ.

ನಮಸ್ಕಾರ.