ಮನಸ್ಸಿನೊಳಗಿನ ಶ್ರುತಿ

ಎಲ್ಲರಿಗೂ ನಮಸ್ಕಾರ. ಕಚೇರಿ ಶುರುವಾಗುವ ಮುಂಚೆ ಸ್ವಲ್ಪ ಹೊತ್ತು ಮಾತಾಡಿ ಅಂದರು. ತಂಬೂರಿ ಆಗಲೇ ಶ್ರುತಿ ಸೇರಿಸಿಕೊಂಡು ನನ್ನ ಪಕ್ಕದಲ್ಲೇ ಕೂತಿದೆ. ನಾನು ಹೇಳಬೇಕು ಅಂದುಕೊಂಡು ಬಂದದ್ದು ಒಂದೇ ಮಾತು. ಬಾಯಿ ಮುಚ್ಚಿಕೊಂಡು ಮನಸ್ಸಿನಲ್ಲೇ ಹಾಡುವುದೂ ಅಭ್ಯಾಸವೇ. ಅದಕ್ಕೆ ನಮ್ಮ ಪಾಠದಲ್ಲಿ ಜಾಗ ಬೇಕು.

ಮೊದಲು ಒಂದು ಸಣ್ಣ ಕೆಲಸ. ತುಟಿ ಅಲ್ಲಾಡಿಸಬೇಡಿ, ಗುನುಗಬೇಡಿ. ಜನಗಣಮನದ ಮೊದಲ ‘ಜನ’, ಆಮೇಲೆ ಮೊದಲ ಸಲ ಬರುವ ‘ಜಯಹೇ’. ಎರಡರಲ್ಲಿ ಯಾವುದು ಮೇಲಿನ ಸ್ವರದಲ್ಲಿದೆ?

ಹೌದು, ‘ಜಯಹೇ’. ಉತ್ತರ ಹೇಗೆ ಸಿಕ್ಕಿತು? ಸುಮಾರು ಜನ ಶುರುವಿನಿಂದ ಸರಸರ ಅಂತ ಹಾಡಿಕೊಂಡು ಹೋದಿರಿ, ಅಲ್ವಾ? ಹಿಂದಿನ ಸಾಲಿನಲ್ಲಿ ಒಬ್ಬ ಪುಟ್ಟ ಆಗಲೇ ಎದ್ದು ನಿಂತುಬಿಟ್ಟಿದ್ದಾನೆ. ಅವನ ತಲೆಯಲ್ಲಿ ಹಾಡು ಅಷ್ಟು ಜೋರಾಗಿ ಕೇಳಿದೆ! ಕೂತ್ಕೋ ಮರಿ. ಅಮೆರಿಕದ ಮನಶ್ಶಾಸ್ತ್ರಜ್ಞೆ ಆಂಡ್ರಿಯಾ ಹಾಲ್ಪರ್ನ್ 1988ರಲ್ಲಿ ಇಂಥ ಪ್ರಶ್ನೆಗಳನ್ನೇ ಕೇಳಿ, ಉತ್ತರಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ಅಳೆದರು. ಹಾಡಿನಲ್ಲಿ ಎರಡು ಪದಗಳು ದೂರ ದೂರ ಇದ್ದಷ್ಟೂ ಉತ್ತರ ತಡವಾಯಿತು. ಅಂದರೆ ಮನಸ್ಸಿನ ಹಾಡಿಗೂ ಕಾಲ ಇದೆ.

ಹಾಡು ಒಳಗೇ ನಡೀತಾ ಇರುತ್ತದೆ ಅನ್ನೋದು ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ, ಕರೆಂಟ್ ಹೋದದ್ದರಿಂದ. ಆಗ ನನಗೆ ಹತ್ತು ವರ್ಷ. ನಮ್ಮ ಮೇಷ್ಟ್ರ ಮನೆಯ ನಡುಮನೆಯಲ್ಲಿ ಪಾಠ. ಮಳೆಗಾಲ. ಮಾಯಾಮಾಳವಗೌಳ ರಾಗದಲ್ಲಿ ಜಂಟಿವರಸೆ, ಅಂದರೆ ಸ್ವರಗಳನ್ನು ಜೋಡಿಜೋಡಿಯಾಗಿ ಹಾಡುವ ಪಾಠ, ನಡೀತಿತ್ತು. ದೀಪ ಹೋಯಿತು, ಜೊತೆಗೆ ಕರೆಂಟಿನಲ್ಲಿ ನಡೆಯುವ ಶ್ರುತಿ ಪೆಟ್ಟಿಗೆಯೂ ಗಪ್‌ಚುಪ್. ನಾವು ಮಕ್ಕಳು ಖುಷಿಯಿಂದ ಚಾಪೆ ಸುತ್ತೋಕೆ ಶುರು ಮಾಡಿದೆವು. ಮೇಷ್ಟ್ರು ಕತ್ತಲಲ್ಲೇ, “ಯಾರೂ ಏಳಬೇಡಿ. ಪೆಟ್ಟಿಗೆ ನಿಂತಿದೆ, ಶ್ರುತಿ ನಿಂತಿಲ್ಲ. ಕೇಳ್ತಾ ಇರಿ” ಅಂದರು. ಏನನ್ನು ಕೇಳೋದು? ಹೆಂಚಿನ ಮೇಲೆ ಮಳೆ. ಒಳಗೆ ಅವರ ತಾಯಿ ಬೆಂಕಿಪೊಟ್ಟಣ ಹುಡುಕ್ತಿದ್ದ ಸದ್ದು. ಚಿಮಣಿ ದೀಪ ಬಂತು, ಸೀಮೆಎಣ್ಣೆ ವಾಸನೆ ಬಂತು. ಅಷ್ಟು ಹೊತ್ತಾದ ಮೇಲೆ ಒಬ್ಬೊಬ್ಬರ ಕಡೆ ತಿರುಗಿ “ಸಾ ಹಿಡಿ” ಅಂದರು. ನಾನು ಹಿಡಿದೆ. ಪಕ್ಕದ ಹುಡುಗಿ ಹಿಡಿದಳು, ಒಂದು ಕೂದಲೆಳೆ ಕೆಳಗೆ. ಅಷ್ಟರಲ್ಲಿ ಕರೆಂಟ್ ಬಂತು, ಪೆಟ್ಟಿಗೆ ತಾನಾಗಿ ಹಾಡತೊಡಗಿತು. ಯಾರೂ ಏನೂ ಹೇಳಲಿಲ್ಲ. ಆ ಹುಡುಗಿಯ ದನಿ ತಾನೇ ಮೆಲ್ಲಗೆ ಮೇಲೆ ಜಾರಿ, ಸರಿಯಾದ ಜಾಗದಲ್ಲಿ ಕೂತಿತು. ಆ ಕ್ಷಣದಲ್ಲಿ ಮೇಷ್ಟ್ರ ಮುಖ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಮಾರನೇ ದಿನದಿಂದ ಪಾಠದ ಮಧ್ಯೆ ಅವರೇ ಸ್ವಿಚ್ ಆರಿಸುತ್ತಿದ್ದರು.

ಎಷ್ಟೋ ವರ್ಷ ಆದಮೇಲೆ, 2005ರಲ್ಲಿ, ಅಮೆರಿಕದ ಡಾರ್ಟ್‌ಮತ್ ಕಾಲೇಜಿನವರು ಇದನ್ನೇ ಮಿದುಳಿನ ಸ್ಕ್ಯಾನ್ ಯಂತ್ರದಲ್ಲಿ ನೋಡಿದರು. ಹಾಡಿನ ನಡುನಡುವೆ ಚೂರು ಚೂರು ಕತ್ತರಿಸಿ, ಅಲ್ಲಿ ಮೌನ ಇಟ್ಟು ಕೇಳಿಸಿದರು. ಗೊತ್ತಿಲ್ಲದ ಹಾಡಿನ ಮೌನಕ್ಕಿಂತ ಗೊತ್ತಿದ್ದ ಹಾಡಿನ ಮೌನದಲ್ಲಿ, ಮಿದುಳಿನ ಕೇಳುವ ಭಾಗ ಜಾಸ್ತಿ ಕೆಲಸ ಮಾಡುತ್ತಿತ್ತು. ಕಿವಿಗೆ ಏನೂ ಬೀಳುತ್ತಿಲ್ಲ, ಆದರೂ ಹಾಡು ನಿಂತಿಲ್ಲ. ನಮ್ಮ ಮೇಷ್ಟ್ರು ಹೇಳಿದ್ದು ಅದನ್ನೇ ತಾನೇ?

ನಮ್ಮ ಕಚೇರಿಯಲ್ಲೇ ಇದು ದಿನಾ ನಡೆಯುತ್ತದೆ, ನಾವು ಗಮನಿಸೋದಿಲ್ಲ. ತಾಳವಾದ್ಯದವರು ಮಾತ್ರ ನುಡಿಸುವ ತನಿ ಆವರ್ತನದ ಹೊತ್ತಿನಲ್ಲಿ ಹಾಡುವವರನ್ನು ನೋಡಿ. ಮೃದಂಗ, ಘಟ ಎರಡೂ ಸೇರಿ ಲೆಕ್ಕಾಚಾರ ಹಾಕುತ್ತಿವೆ. ತಾಳದ ಮೇಲೆ ಬೀಳಬೇಕಾದ ಪೆಟ್ಟು ಬೇಕಂತಲೇ ಪಕ್ಕಕ್ಕೆ ಬೀಳುತ್ತಿದೆ. ಹಾಡುವವರು ಬಾಯಿ ಮುಚ್ಚಿ ಕೈಯಲ್ಲಿ ತಾಳ ಹಾಕುತ್ತಾ ಕೂತಿದ್ದಾರೆ. ಅವರು ಸುಮ್ನೆ ಇದ್ದಾರಾ? ಇಲ್ಲ. ಪಲ್ಲವಿಯ ಸಾಲು ಒಳಗೆ ಸುತ್ತುತ್ತಲೇ ಇದೆ. ಮುಕ್ತಾಯದ ಲೆಕ್ಕಾಚಾರವಾದ ಕೋರ್ವೆ ಮೂರನೇ ಸಲ ಮುಗಿದ ಕೂಡಲೇ, ಎಡುಪಿಗೆ, ಅಂದರೆ ಸಾಲು ಎತ್ತಿಕೊಳ್ಳುವ ಜಾಗಕ್ಕೆ, ಸರಿಯಾಗಿ ಬಾಯಿ ತೆರೆಯುತ್ತಾರೆ, ಅದೇ ಶ್ರುತಿ, ಅದೇ ಕಾಲ. ನಾವು ಚಪ್ಪಾಳೆ ತಟ್ಟುವುದು ಮೃದಂಗಕ್ಕೆ. ತಟ್ಟಲೇಬೇಕು. ಆದರೆ ಅಷ್ಟು ಹೊತ್ತು ಯಾರಿಗೂ ಕೇಳಿಸದೆ ಹಾಡಿದವರಿಗೂ ಒಂದು ಚಪ್ಪಾಳೆ ಸಲ್ಲಬೇಕು.

ಇದು ದೊಡ್ಡ ವಿದ್ವಾಂಸರಿಗೆ ಮಾತ್ರ ಅಂದುಕೊಳ್ಳಬೇಡಿ. ಮನಶ್ಶಾಸ್ತ್ರಜ್ಞ ಡೇನಿಯಲ್ ಲೆವಿಟಿನ್ 1994ರಲ್ಲಿ 46 ವಿದ್ಯಾರ್ಥಿಗಳಿಗೆ, ನಿಮಗಿಷ್ಟವಾದ ಹಾಡನ್ನು ನೆನಪಿನಿಂದ ಹಾಡಿ ಅಂದರು. ಸಂಗೀತ ಬರುತ್ತದೆ ಅಂತ ಆರಿಸಿದವರಲ್ಲ ಅವರು. ಆದರೂ ಹತ್ತರಲ್ಲಿ ನಾಲ್ಕು ಜನ ಎರಡರಲ್ಲಿ ಒಂದು ಸಲವಾದರೂ ಧ್ವನಿಮುದ್ರಿಕೆಯ ಶ್ರುತಿಯನ್ನೇ ಹಿಡಿದರು.

ಈಗ ಅಭ್ಯಾಸಕ್ಕೆ ಬರುತ್ತೇನೆ. ಇಲ್ಲಿರುವ ಗುರುಗಳು ದಯವಿಟ್ಟು ಕೇಳಿಸಿಕೊಳ್ಳಿ. 1995ರಲ್ಲಿ ನರವಿಜ್ಞಾನಿ ಪಾಸ್ಕ್ವಲ್-ಲಿಯೋನ್ ಮತ್ತು ಜೊತೆಗಾರರು ಪಿಯಾನೋ ಬಾರದವರಿಗೆ ಐದು ಬೆರಳಿನ ಒಂದು ಪಾಠ ಕೊಟ್ಟರು. ದಿನಕ್ಕೆ ಎರಡು ಗಂಟೆ, ಐದು ದಿನ. ಒಂದು ಗುಂಪು ನುಡಿಸಿತು. ಇನ್ನೊಂದು ಗುಂಪು ಬೆರಳು ಆಡಿಸದೆ, ನುಡಿಸಿದ ಹಾಗೆ ಅಂದುಕೊಂಡಿತು, ಅಷ್ಟೇ. ಬೆರಳನ್ನು ಆಡಿಸುವ ಮಿದುಳಿನ ಜಾಗ ಎರಡು ಗುಂಪಿನಲ್ಲೂ ಒಂದೇ ರೀತಿ ಬದಲಾಯಿತು. ಅಂದುಕೊಂಡವರ ನುಡಿಸಾಣಿಕೆ ಮಾತ್ರ ಸ್ವಲ್ಪ ಹಿಂದಿತ್ತು. ಒಂದೇ ಒಂದು ಸಲ ನಿಜವಾಗಿ ಕೂತು ಅಭ್ಯಾಸ ಮಾಡಿದ ಮೇಲೆ ಸರಿಸಮ ಬಂದರು. ಅದಕ್ಕೇ ಹೇಳುವುದು, ಗಂಟಲು ಕೆಟ್ಟ ದಿನ ಮಗುವನ್ನು ಪಾಠದಿಂದ ವಾಪಸ್ ಕಳಿಸಬೇಡಿ. ಕೂರಿಸಿ. ತಾಳ ಹಾಕಲಿ, ಮನಸ್ಸಿನಲ್ಲಿ ಹಾಡಲಿ. ಬಸ್ಸಿನಲ್ಲಿ ತೊಡೆ ಮೇಲೆ ತಾಳ ಹಾಕಿಕೊಂಡು ಬರುವ ಮಗುವಿಗೆ ಯಾರಾದರೂ “ಏನೋ ಇದು?” ಅಂದರೆ, “ಅಭ್ಯಾಸ” ಅನ್ನಲಿ.

ಚೀಟಿ ಬಂತು, ಐದು ನಿಮಿಷ ಅಂತೆ. ಬೇಡ ಅಂದರೂ ತಲೆಯಲ್ಲಿ ಸುತ್ತುವ ಹಾಡಿನ ಬಗ್ಗೆ ಜಾಸ್ತಿ ಹೇಳಬೇಕಿತ್ತು. ಚೂಯಿಂಗ್ ಗಮ್ ಅಗಿದರೆ ಅದು ಕಡಿಮೆ ಆಗುತ್ತದೆ ಅಂತ ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದವರು 2015ರಲ್ಲಿ ತೋರಿಸಿದ್ದಾರೆ. ಬಾಯಿಗೆ ಬೇರೆ ಕೆಲಸ ಸಿಕ್ಕಿದರೆ ಒಳಗಿನ ಹಾಡೂ ತಗ್ಗುತ್ತದೆ. ಕಿವಿ ಇಲ್ಲದೆಯೂ ಒಳಗಿನ ಹಾಡು ನಡೆಯುತ್ತದೆ: ಪಾಶ್ಚಾತ್ಯ ಸಂಗೀತದ ಬೆಥೋವನ್ 1824ರಲ್ಲಿ ತನ್ನ ಒಂಬತ್ತನೇ ಸಿಂಫನಿ ಕೇಳಿಸುವ ಹೊತ್ತಿಗೆ ಹೆಚ್ಚುಕಡಿಮೆ ಕಿವುಡಾಗಿದ್ದ ಅನ್ನುವುದು ನಿಮಗೆ ಗೊತ್ತೇ ಇದೆ. ಇನ್ನೊಂದು ಮಾತು. ಕೆಲವರಿಗೆ ಮನಸ್ಸಿನಲ್ಲಿ ಸದ್ದೇ ಕೇಳಿಸೋದಿಲ್ಲ. ಅಂಥ ಮಗುವನ್ನು ಬೈಯಬೇಡಿ. ಅದು ಸೋಮಾರಿತನ ಅಲ್ಲ, ಅದಕ್ಕೆ ಬೇರೆ ದಾರಿ ಹುಡುಕಿ.

ಉಳಿದ ನಿಮಿಷಗಳು ನನ್ನವಲ್ಲ, ನಿಮ್ಮವು. ಫ್ಯಾನ್ ಆರಿಸಿ. ತಂಬೂರಿ ಮೀಟಮ್ಮ. ಎಲ್ಲರೂ ಕೇಳಿಸಿಕೊಳ್ಳಿ... ಸಾಕು, ತಂತಿ ಮೇಲೆ ಕೈ ಇಡು. ಈಗ ಯಾರೂ ಹಾಡಬೇಡಿ. ನಾನು ಕೈ ಎತ್ತುವ ತನಕ ಒಳಗೇ ಇರಲಿ. ಎತ್ತಿದಾಗ ಎಲ್ಲರೂ ಒಟ್ಟಿಗೆ ಸಾ ಹಿಡಿಯಿರಿ.