ಅಳಿವೆಯ ಹತ್ತಿರ ಒಂದಿಷ್ಟು ಹೊತ್ತು

ಕೇಳುಗರೇ, ನಮಸ್ಕಾರ. ನಮ್ಮ ಮೈಸೂರಿನವರು ಕರಾವಳಿಗೆ ಹೊರಟರೆ ದೇವಸ್ಥಾನ, ಬೀಚು, ಮೀನೂಟ ಮುಗಿಸಿ ವಾಪಸ್ ಬರುತ್ತಾರೆ. ಅದೆಲ್ಲ ಇರಲಿ. ಈ ಸಲ ಹೋದಾಗ ಅಳಿವೆಗಳನ್ನೂ ನೋಡಿ ಬನ್ನಿ. ರಂಗನತಿಟ್ಟಿನ ಕಾವೇರಿ ನಮಗೆ ಚೆನ್ನಾಗಿ ಗೊತ್ತು. ಆದರೆ ಅವಳು ಕಡಲು ಸೇರುವುದು ದೂರದ ತಮಿಳುನಾಡಿನ ಪೂಂಪುಹಾರ್‌ನಲ್ಲಿ. ಹಾಗಾಗಿ ಹೊಳೆಯೊಂದು ಉಪ್ಪುನೀರಿಗೆ ಬೆರೆಯುವುದನ್ನು ನಾವು ನಿಂತು ನೋಡಿದ್ದು ಕಮ್ಮಿ, ಅಲ್ವಾ?

ಮಡಿಕೇರಿ ದಾಟಿ, ಸಂಪಾಜೆ ಘಾಟಿ ಇಳಿದು ಮಂಗಳೂರು ಸೇರಿದರೆ, ಅಲ್ಲಿಂದ ಕಾರವಾರದವರೆಗೂ 66ನೇ ರಾಷ್ಟ್ರೀಯ ಹೆದ್ದಾರಿ. ಮರವಂತೆಯಲ್ಲಿ ಎಡಕ್ಕೆ ಸಮುದ್ರ, ಬಲಕ್ಕೆ ಸೌಪರ್ಣಿಕಾ. ಅಲ್ಲಿ ಎಲ್ಲರೂ ನಿಲ್ಲುತ್ತಾರೆ, ನಾನು ಹೇಳಬೇಕಾಗಿಲ್ಲ.

ನಾನು ಹೇಳಬೇಕಾದ್ದು ಹೊನ್ನಾವರದ ಬಗ್ಗೆ. ಶರಾವತಿ ದಡದ ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಕಾಡಿನೊಳಗೆ ನಡೆದು ಹೋಗಲು ಮರದ ಹಲಗೆಯ ದಾರಿ ಇದೆ. ನೀರು ಇಳಿದ ಹೊತ್ತಲ್ಲಿ ಹೋಗಿ, ಸುಮ್ನೆ ಬಗ್ಗಿ ನೋಡಿ. ಕೆಸರಿನಿಂದ ಸೀಸದಕಡ್ಡಿ ನೆಟ್ಟ ಹಾಗೆ ಬೇರುಗಳು ಮೇಲಕ್ಕೆದ್ದಿರುತ್ತವೆ. ಆ ಕೆಸರಲ್ಲಿ ಗಾಳಿಯಾಡುವುದಿಲ್ಲ. ಅದಕ್ಕೇ ಮರ ಬೇರನ್ನು ಹೊರಗೆ ಚಾಚಿ ಉಸಿರಾಡುತ್ತದೆ. ನೀವು ಅಲುಗಾಡದೆ ನಿಂತರೆ ಬಿಲಗಳಿಂದ ಪುಟ್ಟ ಏಡಿಗಳು ಹೊರಬರುತ್ತವೆ. ಕೆಲವು ಗಂಡುಗಳಿಗೆ ಒಂದೇ ಒಂದು ಕೊಂಡಿ ದೊಡ್ಡದು. ಅದನ್ನೇ ಎತ್ತಿ ಎತ್ತಿ ಹೆಣ್ಣನ್ನು ಕರೆಯುತ್ತವೆ. ಮೀನಿನ ಮರಿಗಳು, ಸಿಗಡಿಗಳು ಬೆಳೆಯುವುದೂ ಈ ಬೇರುಗಳ ಮರೆಯಲ್ಲೇ. ಕಾಂಡ್ಲಾ ಕಡಿದರೆ ಮೀನುಗಾರರ ಬಲೆಗೂ ಪೆಟ್ಟು ಬೀಳುತ್ತದೆ. ದಯವಿಟ್ಟು ಅಲ್ಲಿ ಚಿಪ್ಸ್ ಪೊಟ್ಟಣ ಎಸೆಯಬೇಡಿ.

ಚಳಿಗಾಲದಲ್ಲಿ ಈ ಕಡೆಯ ಮರಳಿಗೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಒಂದು ಗೂಡಿನಲ್ಲಿ ನೂರರಷ್ಟು ಮೊಟ್ಟೆ ಇರಬಹುದು. ಮರಿಗಳು ಬೆಳಕು ಕಂಡ ಕಡೆ ಓಡುತ್ತವೆ. ನಿಮ್ಮ ಟಾರ್ಚು, ಮೊಬೈಲು ಕಂಡರೆ ಕಡಲು ಬಿಟ್ಟು ಇತ್ತ ತಿರುಗುತ್ತವೆ. ರಾತ್ರಿ ತೀರದಲ್ಲಿದ್ದರೆ ದೀಪ ಆರಿಸಿಬಿಡಿ.

ಇನ್ನೂ ಮುಂದೆ ಕುಮಟಾ ಹತ್ತಿರ ಅಘನಾಶಿನಿ. ಈ ನದಿಗೆ ಅಣೆಕಟ್ಟು ಕಟ್ಟಿಲ್ಲ. ಗಜನಿ, ಅಂದರೆ ಉಪ್ಪುನೀರು ನುಗ್ಗುವ ಅಳಿವೆಯಂಚಿನ ಗದ್ದೆಗಳಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ. ನೀರಿಳಿದಾಗ ಊರವರು ಅಳಿವೆಗಿಳಿದು ಚಿಪ್ಪಿಕಲ್ಲು, ಅಂದರೆ ತಿನ್ನುವ ಚಿಪ್ಪುಜೀವಿಗಳನ್ನು ಆರಿಸುತ್ತಾರೆ. ಅವರ ಜೊತೆ ನಾಲ್ಕು ಮಾತಾಡಿ, ಎಷ್ಟೊಂದು ತಿಳಿಯುತ್ತದೆ!

ಹೊರಡುವ ಮೊದಲು ಇಳಿತದ ಹೊತ್ತು ಕೇಳಿಕೊಳ್ಳಿ. ದಿನಕ್ಕೆ ಎರಡು ಸಲ ನೀರು ಇಳಿಯುತ್ತದೆ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ನಿನ್ನೆ ಹೋದವರು ಹೇಳಿದ ಸಮಯಕ್ಕೇ ನೀವೂ ಹೋದರೆ ಸ್ವಲ್ಪ ಕಾಯಬೇಕಾದೀತು. ನಮಸ್ಕಾರ.