ನಡುಗಡಲಿಗೆ ಯಜಮಾನರಿಲ್ಲ

ಕೇಳುಗರಿಗೆಲ್ಲ ನಮಸ್ಕಾರ. ತುಮಕೂರಿನಲ್ಲಿ ಕೂತು ಸಮುದ್ರದ ಮಾತು ಯಾಕೆ ಅಂತ ನಿಮಗೆ ಅನ್ನಿಸಬಹುದು. ನಿಮ್ಮ ತೆಂಗು, ಅಡಿಕೆಗೆ ಹಾಕುವ ಪೊಟ್ಯಾಷ್ ಹೊರದೇಶದಿಂದ ಹಡಗಿನಲ್ಲಿ ಬರುತ್ತದೆ. ನಮ್ಮ ಜಿಲ್ಲೆಯ ಮಿಡಿಸೌತೆ ಉಪ್ಪುನೀರಿನ ಡ್ರಮ್ಮು ಸೇರಿ, ಹಡಗಿನಲ್ಲೇ ಯುರೋಪಿಗೆ ಹೋಗುತ್ತದೆ. ಅದಕ್ಕೇ ಇವತ್ತು ಒಂದೇ ಮಾತು ಹೇಳುತ್ತೇನೆ. ನಡುಗಡಲು ಯಾರ ಅಪ್ಪನ ಮನೆ ಆಸ್ತಿಯೂ ಅಲ್ಲ. ಸರಕಿನ ಹಡಗು ಅಲ್ಲಿ ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ.

ಹಿಂದೆ ಹೀಗಿರಲಿಲ್ಲ. 16ನೇ ಶತಮಾನದಲ್ಲಿ ಪೋರ್ಚುಗೀಸರು ಬಂದು ಅರಬ್ಬಿ ಸಮುದ್ರವೇ ತಮ್ಮದು ಅಂದರು. ನಮ್ಮ ವ್ಯಾಪಾರಿಗಳು ಹಡಗು ಬಿಡಬೇಕಾದರೆ ಅವರಿಂದ 'ಕರ್ತಾಜ್' ಎಂಬ ಪರವಾನಗಿ ಚೀಟಿ ಕೊಳ್ಳಬೇಕು. ಅವರು ಹೇಳಿದ ಬಂದರಿನಲ್ಲಿ ಸುಂಕ ಕಟ್ಟಬೇಕು. ಚೀಟಿ ಇಲ್ಲದೆ ಸಿಕ್ಕಿಬಿದ್ದರೆ ಹಡಗೂ ಹೋಯಿತು, ಸರಕೂ ಹೋಯಿತು. ಸರಿ, ಚೀಟಿ ಇದ್ದವರಾದರೂ ನೆಮ್ಮದಿಯಾಗಿದ್ದರಾ? ಅದೂ ಇಲ್ಲ. 1613ರಲ್ಲಿ ನಡೆದದ್ದು ಕೇಳಿ. ಜಹಾಂಗೀರ್ ಬಾದಷಹನ ತಾಯಿ ಸ್ವಂತ ಹಡಗು ಇಟ್ಟು ವ್ಯಾಪಾರ ಮಾಡುತ್ತಿದ್ದಳು. ಹಡಗಿನ ಹೆಸರು ರಹೀಮಿ. ಸರಕಿನ ಜೊತೆಗೆ ಮೆಕ್ಕಾ ಯಾತ್ರಿಕರನ್ನೂ ಕರೆದೊಯ್ಯುತ್ತಿದ್ದ ಭಾರಿ ಹಡಗು ಅದು. ಅವತ್ತು ಅದರಲ್ಲಿ ಸುಮಾರು 700 ಜನ. ಪರವಾನಗಿ ಚೀಟಿಯೂ ಇತ್ತು. ಆದರೂ ಪೋರ್ಚುಗೀಸರು ಸೂರತ್ ಹತ್ತಿರ ಹಿಡಿದು ಗೋವಾಕ್ಕೆ ಎಳೆದೊಯ್ದರು. ಬಾದಷಹನ ತಾಯಿಯ ಹಡಗಿಗೇ ಈ ಗತಿ ಅಂದರೆ, ನಮ್ಮ ಕರಾವಳಿಯ ಬಸ್ರೂರು ಬಂದರಿನ ಅಕ್ಕಿ ವ್ಯಾಪಾರಿಯ ಪಾಡು ಏನು ಹೇಳಿ! ಜಹಾಂಗೀರ್ ಸಿಟ್ಟಿಗೆದ್ದು ಆಗ್ರಾದ ಪಾದ್ರಿಗಳ ಚರ್ಚು ಮುಚ್ಚಿಸಿದ, ದಮನ್ ಕೋಟೆಗೆ ಮುತ್ತಿಗೆ ಹಾಕಿಸಿದ. ಅಷ್ಟು ದೊಡ್ಡ ದೊರೆಯ ಹತ್ತಿರ ಸಮುದ್ರದಲ್ಲಿ ಅವರನ್ನು ಎದುರಿಸುವ ನೌಕಾಪಡೆ ಇರಲಿಲ್ಲ. ಕಾನೂನೂ ಇರಲಿಲ್ಲ. ಸಮುದ್ರವನ್ನು ಯಾರೂ ಸ್ವಂತ ಮಾಡಿಕೊಳ್ಳಲಾಗದು ಅಂತ ಹಾಲೆಂಡಿನ ವಕೀಲ ಹ್ಯೂಗೋ ಗ್ರೋಷಿಯಸ್ 1609ರಲ್ಲೇ ವಾದಿಸಿದ್ದ, ನಿಜ. ಆದರೆ ಕೇಳುವವರು ಯಾರು?

ರಹೀಮಿ ಕತೆಯಲ್ಲೇ ಅರ್ಧ ಸಮಯ ಹೋಯಿತು. ಇವತ್ತಿನ ಕಾನೂನು ಬೇಗ ಹೇಳಿಬಿಡುತ್ತೇನೆ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದಕ್ಕೆ 1995ರಲ್ಲಿ ಭಾರತವೂ ಸೇರಿತು. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್, ಆಯಾ ದೇಶದ್ದು. ಅಲ್ಲೂ ತಂಟೆ ಮಾಡದೆ ಹಾದುಹೋಗುವ ಹಡಗನ್ನು ಸುಮ್ನೆ ತಡೆಯುವಂತಿಲ್ಲ. 200 ನಾಟಿಕಲ್ ಮೈಲಿವರೆಗೆ ಮೀನು, ತೈಲ ಆ ದೇಶಕ್ಕೆ ಸೇರಿದ್ದು. ದಾರಿ ಮಾತ್ರ ಎಲ್ಲರದು.

2023ರ ನವೆಂಬರಿನಿಂದ ಯೆಮೆನ್‌ನ ಹೌತಿ ಬಂಡುಕೋರರು ಕೆಂಪು ಸಮುದ್ರದಲ್ಲಿ ಈ ದಾರಿಗೇ ಅಡ್ಡ ನಿಂತರು. ಅವರ ಸಿಟ್ಟು ಯಾರ ಮೇಲೆ, ಯಾಕೆ ಅನ್ನುವುದು ಬೇರೆ ಮಾತು. ಸರಕಿನ ಹಡಗು ಏನು ಮಾಡಿತ್ತು? ಯುರೋಪಿಗೆ ಹೋಗುವ ಹಡಗುಗಳು ಆಫ್ರಿಕಾ ಸುತ್ತಿ, ಹತ್ತು ದಿನಕ್ಕೂ ಜಾಸ್ತಿ ತಡವಾಗಿ ತಲುಪಿದವು. ಬಾಡಿಗೆ ಏರಿತು. 2024ರ ಮಾರ್ಚ್‌ನಲ್ಲಿ ಉಕ್ಕು, ಟ್ರಕ್ಕು ಹೊತ್ತು ಜೆಡ್ಡಾಕ್ಕೆ ಹೊರಟಿದ್ದ 'ಟ್ರೂ ಕಾನ್ಫಿಡೆನ್ಸ್' ಹಡಗಿಗೆ ಕ್ಷಿಪಣಿ ಬಡಿದು ಮೂವರು ನಾವಿಕರು ಸತ್ತರು. ಜೀವರಕ್ಷಕ ದೋಣಿಗಳಲ್ಲಿದ್ದ 21 ಜನರನ್ನು ನಮ್ಮ ಐಎನ್‌ಎಸ್ ಕೋಲ್ಕತಾ ಯುದ್ಧನೌಕೆ ಎತ್ತಿಕೊಂಡು ಜಿಬೂತಿಗೆ ಮುಟ್ಟಿಸಿತು. ಅವರಲ್ಲಿ ಭಾರತೀಯ ಒಬ್ಬನೇ. ಉಳಿದವರು ಬೇರೆ ಬೇರೆ ದೇಶದವರು. ನಮಸ್ಕಾರ.